ಹತ್ತಿಯ ಹೂವು ಕಲಿಸಿದ ಪಾಠ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಘದ ಹಿರಿಯರು ಹೇಳಿಕಳುಹಿಸಿದಾಗ ನಾವು ಮೂವರೂ ಅಳುಕಿದೆವು. ನಾವು ಸಾಹಿತಿಗಳಲ್ಲ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಪದವಿ ಪಡೆದವರು. ಒಬ್ಬರು ಪದವಿ ಕಾಲೇಜಿನಲ್ಲಿ ಪಾಠ ಹೇಳುತ್ತೇವೆ, ಇನ್ನೊಬ್ಬರು ರೋಗ ತಪಾಸಣೆಯ ಪ್ರಯೋಗಾಲಯದಲ್ಲಿದ್ದೇವೆ, ಮತ್ತೊಬ್ಬರು ಬೀಜ ಪರೀಕ್ಷೆಯ ಕೆಲಸದಲ್ಲಿದ್ದೇವೆ. ನಮ್ಮ ಅಳುಕನ್ನು ಕಂಡ ಹಿರಿಯರು, "ಕಥೆ, ಕವಿತೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನೀವು ಓದಿದ್ದು ಏನು, ಅದರಿಂದ ಊರಿಗೆ ಏನು ಎಂಬುದನ್ನು ಬರೆಯಿರಿ. ನಮ್ಮ ಮಕ್ಕಳು ಓದಲಿ" ಎಂದರು.

ಈ ಪ್ರಶ್ನೆ ನಮಗೆ ಹೊಸದಲ್ಲ. ನಾವು ಎಂ.ಎಸ್ಸಿ. ಸೇರಿದಂದಿನಿಂದ ಮನೆಯಲ್ಲಿಯೂ ಬೀದಿಯಲ್ಲಿಯೂ ಅದು ನಮ್ಮನ್ನು ಬೆನ್ನಟ್ಟಿ ಬಂದಿದೆ. "ಜೀವಶಾಸ್ತ್ರ ಓದಿದೋರು ಡಾಕ್ಟರ್ ಆಗ್ತಾರ. ನೀವು ಆಗಲಿಲ್ಲ. ಮತ್ತ ಯಾಕ ಓದಿದ್ರಿ?" ಎಂದು ಕೇಳದ ನೆಂಟರಿಲ್ಲ. ಆಗೆಲ್ಲ ನಕ್ಕು ಸುಮ್ಮನಾಗುತ್ತಿದ್ದೆವು. ಈ ಲೇಖನ ಆ ಮಾತಿಗೆ ನಾವು ಕೊಡುತ್ತಿರುವ ತಡವಾದ ಉತ್ತರ.

ನಮ್ಮ ನೆಲದ ಪರಿಚಯವನ್ನು ಇಲ್ಲಿನ ಓದುಗರಿಗೆ ಮಾಡಿಕೊಡಬೇಕಾಗಿಲ್ಲ. ಆದರೂ ಹೊಸ ತಲೆಮಾರಿನ ಮಕ್ಕಳಿಗಾಗಿ ಎರಡು ಮಾತು. ಆದವಾನಿ ಮತ್ತು ಆಲೂರು ತಾಲೂಕುಗಳು ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಅವು ಆಂಧ್ರಕ್ಕೆ ಸೇರಿದವು. ಗೆರೆ ಬಿದ್ದದ್ದು ನಕ್ಷೆಯ ಮೇಲೆ. ಎರೆಭೂಮಿ ಅದೇ, ಜೋಳದ ರೊಟ್ಟಿ ಅದೇ, ಬೀಗತನ ಸಿರುಗುಪ್ಪದ ಕಡೆಗೆ ಹಾಗೆಯೇ ಉಳಿಯಿತು. ಕೌತಾಳಂ, ಹೊಳಗುಂದ, ಕೋಸಿಗಿ, ಮಂತ್ರಾಲಯಗಳ ಸುತ್ತಲಿನ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡವಾಗಿ, ಕಚೇರಿಯ ಮಾತು ತೆಲುಗಾಗಿ, ಸಂತೆಯ ಮಾತಿನಲ್ಲಿ ಉರ್ದುವೂ ಬೆರೆತು ನಾವು ಬೆಳೆದೆವು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಇಂಟರ್‌ಮೀಡಿಯೆಟ್‌ಗೆ ಬಂದಾಗ ಒಮ್ಮೆಗೇ ಇಂಗ್ಲಿಷಿನ ಹೊಳೆಗೆ ಬಿದ್ದೆವು. 'ದ್ಯುತಿಸಂಶ್ಲೇಷಣೆ' ಎಂದು ಕಲಿತದ್ದು 'ಫೋಟೋಸಿಂಥೆಸಿಸ್' ಆಯಿತು. ಅರ್ಥವಾಗಿದ್ದ ವಿಷಯವೂ ಅರ್ಥವಾಗದಂತೆ ತೋರಿತು. ಹೇಗೋ ಈಜಿ ದಡ ಸೇರಿ, 2010ರಲ್ಲಿ ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದೆವು. ಆದವಾನಿಯಲ್ಲಿ ರೈಲು ಹತ್ತಿ ಗುಂತಕಲ್ಲಿನಲ್ಲಿ ಬದಲಿಸುವಾಗ, ಕಟ್ಟಿಕೊಂಡು ಬಂದ ರೊಟ್ಟಿ ಶೇಂಗಾಪುಡಿಯನ್ನು ಮೂವರೂ ಹಂಚಿಕೊಂಡು ತಿನ್ನುತ್ತಿದ್ದ ದಿನಗಳವು.

ಸಸ್ಯತಳಿಶಾಸ್ತ್ರದ ಒಂದು ಪ್ರಾಯೋಗಿಕ ತರಗತಿಯನ್ನು ನಾವು ಮರೆಯಲಾರೆವು. ಮೇಜಿನ ಮೇಲೆ ಹತ್ತಿಯ ಮೊಗ್ಗುಗಳು, ಪಕ್ಕದಲ್ಲಿ ಚಿಮಟ, ಸೂಜಿ, ಭೂತಗನ್ನಡಿ. ಮರುದಿನ ಬೆಳಿಗ್ಗೆ ಅರಳಲಿರುವ ಮೊಗ್ಗಿನ ದಳವನ್ನೂ ಕೇಸರಗಳ ಕೊಳವೆಯನ್ನೂ ತೆಗೆದು, ಒಳಗಿನ ಶಲಾಕೆಗೆ ಪೆಟ್ಟಾಗದಂತೆ ಉಳಿಸಿಕೊಳ್ಳಬೇಕು. ಇದಕ್ಕೆ ಪುಂಕೇಸರ ನಿರ್ಮೂಲನ ಎಂದು ಹೆಸರು. ನಾವು ಚಿಮಟ ಹಿಡಿದು ಒಂದೊಂದೇ ಕೇಸರವನ್ನು ಕೀಳಲು ಹೆಣಗುತ್ತಿದ್ದೆವು. ಇಬ್ಬರ ಮೊಗ್ಗುಗಳು ಹರಿದುಹೋದವು. ನಮ್ಮಲ್ಲೊಬ್ಬಳು ಚಿಮಟವನ್ನು ಮುಟ್ಟಲೇ ಇಲ್ಲ. ಹೆಬ್ಬೆರಳಿನ ಉಗುರನ್ನು ಮೊಗ್ಗಿನ ಬುಡಕ್ಕೆ ಊರಿ ಒಂದು ಸುತ್ತು ತಿರುಗಿಸಿದಳು. ದಳವೂ ಕೇಸರಗಳ ಕೊಳವೆಯೂ ಟೋಪಿ ಕಳಚಿದಂತೆ ಒಟ್ಟಿಗೆ ಹೊರಬಂದವು. ಶಲಾಕೆ ನೆಟ್ಟಗೆ ನಿಂತಿತ್ತು. ಒಂದು ನಿಮಿಷದೊಳಗೆ ಇನ್ನೂ ಹಲವು ಮೊಗ್ಗುಗಳನ್ನು ಹಾಗೆಯೇ ಮಾಡಿ ಸಾಲಾಗಿ ಇಟ್ಟಳು. ಅಧ್ಯಾಪಕರು ಬೆರಗಾಗಿ, "ಎಲ್ಲಿ ಕಲಿತೆಯಮ್ಮಾ?" ಎಂದು ಕೇಳಿದರು.

"ಕ್ರಾಸಿಂಗ್ ಮಾಡ್ತಿದ್ದೆ ಸರ್. ಒಂಬತ್ತು ವರ್ಷದಾಕಿ ಇದ್ದಾಗಿಂದ" ಎಂದಳು ಅವಳು.

ತರಗತಿ ಮೌನವಾಯಿತು.

ಆ 'ಕ್ರಾಸಿಂಗ್' ಎಂಬ ಪದದ ಹಿಂದೆ ನಮ್ಮ ಜಿಲ್ಲೆಯ ಒಂದು ದೊಡ್ಡ ಕಥೆಯಿದೆ. ಭಾರತದಲ್ಲಿ ವಾಣಿಜ್ಯ ಬೆಳೆಯಾಗಿ ಬಂದ ಮೊದಲ ಸಂಕರಣ ಹತ್ತಿ ಎಚ್-4. ಡಾ. ಸಿ. ಟಿ. ಪಟೇಲರು ಸೂರತ್ತಿನಲ್ಲಿ 1970ರಲ್ಲಿ ಅದನ್ನು ರೂಪಿಸಿದರು. ಎರಡು ವರ್ಷಗಳ ತರುವಾಯ, 1972ರಲ್ಲಿ, ನಮ್ಮ ಧಾರವಾಡದಲ್ಲಿ ಡಾ. ಬಿ. ಎಚ್. ಕತರಕಿಯವರು 'ವರಲಕ್ಷ್ಮಿ'ಯನ್ನು ಹೊರತಂದರು. ಅಮೆರಿಕದ ಹತ್ತಿಯನ್ನೂ ಈಜಿಪ್ಟಿನ ಉದ್ದನೆಯ ಎಳೆಯ ಹತ್ತಿಯನ್ನೂ ಕೂಡಿಸಿ ಪಡೆದ ತಳಿ ಅದು. ಕನ್ನಡ ನಾಡಿನ ವಿಜ್ಞಾನಿಯೊಬ್ಬರ ಈ ಸಾಧನೆ ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಸಂಕರಣ ಬೀಜಕ್ಕೆ ಒಂದು ಗುಣವಿದೆ. ಅದರಿಂದ ಬಂದ ಬೀಜವನ್ನು ಮತ್ತೆ ಬಿತ್ತಿದರೆ ಮೊದಲಿನ ಹುಲುಸು ಇರುವುದಿಲ್ಲ, ಗಿಡಗಳು ಒಂದೊಂದು ಒಂದೊಂದು ಬಗೆಯಾಗುತ್ತವೆ. ಆದ್ದರಿಂದ ಪ್ರತಿವರ್ಷವೂ ತಾಯಿಗಿಡದ ಹೂಗಳಿಗೆ ತಂದೆಗಿಡದ ಪರಾಗವನ್ನು ಮುಟ್ಟಿಸಿ ಹೊಸದಾಗಿ ಬೀಜ ಮಾಡಬೇಕು. ಹತ್ತಿಯಲ್ಲಿ ಈ ಕೆಲಸಕ್ಕೆ ಮನುಷ್ಯರ ಕೈಯೇ ಬೇಕು. ಸಂಜೆ ಮೊಗ್ಗಿನ ಕೇಸರ ತೆಗೆದು ಗುರುತಿನ ಬಣ್ಣದ ಕಾಗದ ಸಿಕ್ಕಿಸುವುದು, ಬೆಳಿಗ್ಗೆ ಬಿಸಿಲೇರುವ ಮುನ್ನ ಗಂಡುಹೂವನ್ನು ತಂದು ಸವರುವುದು. ಹೀಗೆ ದಿನಕ್ಕೆ ನೂರಾರು ಹೂಗಳು, ತಿಂಗಳುಗಟ್ಟಲೆ.

ಕರ್ನೂಲು ಜಿಲ್ಲೆ ಹತ್ತಿಯ ಬೀಜೋತ್ಪಾದನೆಗೆ ಹೆಸರಾದಾಗ ಈ ಹೊಲಗಳಿಗೆ ಬಂದವರಲ್ಲಿ ಬಹುಮಂದಿ ಹೆಣ್ಣುಮಕ್ಕಳು, ಅದೂ ಶಾಲೆಯಲ್ಲಿರಬೇಕಾದ ವಯಸ್ಸಿನವರು. 'ಎಳೆಯ ಬೆರಳು ಹೂವಿಗೆ ಹಿತ, ಗಿಡದ ಎತ್ತರಕ್ಕೆ ಮಕ್ಕಳ ಎತ್ತರ ಸರಿ' ಎಂಬ ಸಮರ್ಥನೆಯನ್ನು ನಾವು ಕೇಳಿದ್ದೇವೆ. ನಿಜವಾದ ಕಾರಣ ಎಳೆಯ ಕೈಗೆ ಕೂಲಿ ಕಡಿಮೆ ಎಂಬುದು. ತಂದೆತಾಯಿಗೆ ಮುಂಗಡ ಕೊಟ್ಟರೆ ಮಗು ಹಂಗಾಮು ಮುಗಿಯುವವರೆಗೆ ಬರುತ್ತದೆ ಎಂಬುದು. ನಮ್ಮ ಗೆಳತಿಯೂ ಹಾಗೆಯೇ ಹೋದವಳು. ಊರಿನ ಶಾಲೆಯ ಮೇಷ್ಟರೊಬ್ಬರು ಅವಳ ಅಪ್ಪನ ಎದುರು ಮೂರು ಸಂಜೆ ಕಟ್ಟೆಯ ಮೇಲೆ ಕುಳಿತು ಒಪ್ಪಿಸಿ ಅವಳನ್ನು ಮತ್ತೆ ಶಾಲೆಗೆ ಕರೆತಂದರು. ಅವಳ ಜೊತೆಯಲ್ಲಿ ಆ ಹೊಲಕ್ಕೆ ಹೋಗುತ್ತಿದ್ದ ಇತರ ಹುಡುಗಿಯರು ಹಿಂದಿರುಗಲಿಲ್ಲ. ಶಿಕ್ಷಣದ ಹಕ್ಕಿನ ಕಾಯಿದೆ 2010ರ ಏಪ್ರಿಲ್‌ನಿಂದ ಜಾರಿಗೆ ಬಂತು. ಅದು ಆ ಹುಡುಗಿಯರಿಗೆ ಹತ್ತು ವರ್ಷ ತಡವಾಗಿತ್ತು.

ಆ ದಿನ ಹಾಸ್ಟೆಲಿಗೆ ನಡೆದುಕೊಂಡು ಬರುವಾಗ ಅವಳು ಹೇಳಿದ ಮಾತು ಇಂದಿಗೂ ನೆನಪಿದೆ. "ಅಷ್ಟು ಹೂವ ಮಾಡಿದೆ. ಯಾಕ ಮಾಡ್ತೀವಂತ ಒಬ್ಬರೂ ಹೇಳಿರಲಿಲ್ಲ. ಇವತ್ತು ಗೊತ್ತಾತು." ಸಸ್ಯಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ ಎಂದರೆ ಏನು ಎಂಬುದು ನಮಗೆ ಮೊದಲು ಹೊಳೆದದ್ದು ಆ ಮಾತಿನಲ್ಲಿ. ಕೈಗೆ ಗೊತ್ತಿದ್ದದ್ದಕ್ಕೆ ಕಾರಣ ತಿಳಿಯುವುದು ಒಂದು. ಆ ಕಾರಣವನ್ನು ತಿಳಿಯುವ ಅವಕಾಶ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಕೇಳಿಕೊಳ್ಳುವುದು ಇನ್ನೊಂದು.

ಎರಡನೆಯ ಪಾಠ ನಮ್ಮಲ್ಲೊಬ್ಬನ ಮನೆಯಲ್ಲಿ ನಡೆಯಿತು. ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ ಅವನ ಅಜ್ಜಿ ಮದುವೆಯ ಮಾತು ತೆಗೆದರು. ಹೆಣ್ಣು ಹೊರಗಿನವಳಲ್ಲ, ಅವನ ಅಕ್ಕನ ಮಗಳು. ನಮ್ಮ ಕಡೆ ಇದು ಹೊಸದೂ ಅಲ್ಲ, ತಪ್ಪೂ ಅಲ್ಲ. ಹೊಲ ಒಡೆಯುವುದಿಲ್ಲ, ಹೆಣ್ಣು ಕೊಟ್ಟ ಮನೆಯ ಗುಣ ಗೊತ್ತಿರುತ್ತದೆ, ಮುಪ್ಪಿನಲ್ಲಿ ನೋಡಿಕೊಳ್ಳುವ ಸೊಸೆ ತನ್ನ ಮೊಮ್ಮಗಳೇ ಆಗಿರುತ್ತಾಳೆ. 1955ರ ಹಿಂದೂ ವಿವಾಹ ಕಾಯಿದೆಯೂ ರೂಢಿ ಇರುವಲ್ಲಿ ಇಂಥ ಸಂಬಂಧಕ್ಕೆ ಅವಕಾಶ ಬಿಟ್ಟಿದೆ. ಆದರೆ ಆ ವರ್ಷವೇ ನಾವು ಅನುವಂಶೀಯತೆಯ ಪಾಠದಲ್ಲಿ ಸೋದರಮಾವ ಮತ್ತು ಸೊಸೆಯ ಮದುವೆಯ ಲೆಕ್ಕ ಬರೆದಿದ್ದೆವು. ಸರಾಸರಿಯಾಗಿ ಅವರಿಬ್ಬರ ಜೀನುಗಳಲ್ಲಿ ನಾಲ್ಕರಲ್ಲೊಂದು ಪಾಲು ಒಂದೇ ಮೂಲದಿಂದ ಬಂದಿರುತ್ತದೆ. ಅವರ ಮಗುವಿನಲ್ಲಿ ಒಂದೇ ಹಿರಿಯರಿಂದ ಬಂದ ಜೀನು ಜೋಡಿಯಾಗಿ ಕೂಡುವ ಸಂಭವ ಎಂಟರಲ್ಲೊಂದು. ಅತ್ತೆಯ ಮಗಳನ್ನೋ ಮಾವನ ಮಗಳನ್ನೋ ಆದರೆ ಹದಿನಾರರಲ್ಲೊಂದು.

ಅವನು ಅಜ್ಜಿಗೆ ಬೇಡ ಎಂದ. "ಯಾಕಪ್ಪಾ, ಅಕ್ಕನ ಮಗಳು ಬ್ಯಾಡಾದ್ಳೇನು? ಓದಿದ ಹುಡುಗಿ ಸಿಕ್ಕಾಳೇನು?" ಎಂದು ಅಜ್ಜಿ ಕಣ್ಣೀರು ತಂದರು. ಅವನು ನೋಟುಪುಸ್ತಕ ತೆರೆದು ತೋರಿಸಿದ. ಅಜ್ಜಿಗೆ ಅಕ್ಷರ ಬರುವುದಿಲ್ಲ. ಕೊನೆಗೆ ಅಡಿಗೆಮನೆಯಿಂದ ಬಿಳಿಯ ಜೋಳವನ್ನೂ ಕೆಲವು ಕರಿಯ ಉದ್ದಿನ ಕಾಳನ್ನೂ ತಂದ. ಪ್ರತಿಯೊಬ್ಬ ಮನುಷ್ಯನಿಗೂ ಎರಡೆರಡು ಕಾಳು. ಒಂದು ಕರಿಕಾಳು ಇದ್ದವನಿಗೆ ಏನೂ ಆಗುವುದಿಲ್ಲ, ಜೊತೆಯ ಬಿಳಿಕಾಳು ಅವನನ್ನು ಕಾಯುತ್ತದೆ. ಎರಡೂ ಕರಿದಾದರೆ ಮಾತ್ರ ರೋಗ. ಹೊರಗಿನ ಮನೆಗಳಲ್ಲಿಯೂ ಕರಿಕಾಳು ಉಂಟು. ಆದರೆ ನಮ್ಮ ಮನೆಯ ಕರಿಕಾಳಿಗೆ ತಕ್ಕ ಜೋಡಿ ಸುಲಭವಾಗಿ ಸಿಗುವುದು ನಮ್ಮ ಮನೆಯಲ್ಲಿಯೇ. ಗಂಡ ಹೆಂಡತಿ ಇಬ್ಬರಲ್ಲಿಯೂ ಒಂದೊಂದು ಇದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ಅಜ್ಜಿ ಬಹಳ ಹೊತ್ತು ಕಾಳುಗಳನ್ನು ಬೆರಳಿನಿಂದ ಸರಿಸುತ್ತ ಕುಳಿತಿದ್ದರು. ಆಮೇಲೆ ತಮ್ಮ ಎರಡನೆಯ ಮಗುವಿನ ಹೆಸರು ಹೇಳಿದರು. ಕಿವಿ ಕೇಳದೆ, ಮಾತು ಬಾರದೆ, ಏಳನೆಯ ವರ್ಷಕ್ಕೆ ತೀರಿಹೋದ ಮಗು. ಅಜ್ಜಿಯೂ ಅಜ್ಜನೂ ಸೋದರಮಾವ ಸೊಸೆಯರೇ. "ನಾನು ಗ್ರಹಣದಾಗ ಹೊರಗ ಬಂದಿದ್ದೆ, ಅದಕ್ಕ ಹಿಂಗಾತು ಅಂತ ನಮ್ಮತ್ತಿ ಸಾಯೋತನಕ ಅಂತಿದ್ದರು" ಎಂದರು. ಆ ಮಗುವಿನ ಕಿವುಡಿಗೆ ಈ ಜೋಡಿಯೇ ಕಾರಣವೆಂದು ಯಾರೂ ಈಗ ಖಚಿತವಾಗಿ ಹೇಳಲಾರರು. ಆದರೆ ಗ್ರಹಣ ಕಾರಣವಲ್ಲ ಎಂದು ಅವನು ಖಚಿತವಾಗಿ ಹೇಳಿದ. ಐವತ್ತು ವರ್ಷ ಹೊತ್ತ ಹೊರೆ ಅದು. ಮದುವೆಯ ಮಾತು ಅಲ್ಲಿಗೆ ನಿಂತಿತು.

ಇದನ್ನು ಓದುವ ಬಂಧುಗಳಲ್ಲಿ ಸೋದರ ಸಂಬಂಧದ ದಂಪತಿಗಳು ಬಹಳ ಮಂದಿ ಇರುತ್ತೀರಿ. ಯಾರ ಮನಸ್ಸನ್ನೂ ನೋಯಿಸುವುದು ನಮ್ಮ ಉದ್ದೇಶವಲ್ಲ. ಇಂಥ ಮದುವೆಗಳಲ್ಲಿ ಹುಟ್ಟುವ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ. ಅಪಾಯ ಸ್ವಲ್ಪ ಹೆಚ್ಚುತ್ತದೆ ಎಂಬುದಷ್ಟೇ ವಿಜ್ಞಾನದ ಮಾತು. ಮನೆತನದಲ್ಲಿ ಕಿವುಡು, ರಕ್ತದ ಕಾಯಿಲೆ, ಬುದ್ಧಿಯ ಕೊರತೆ ಇವು ಮರಳಿ ಮರಳಿ ಕಾಣಿಸಿಕೊಂಡಿದ್ದರೆ ಮಾತು ಕೊಡುವ ಮುನ್ನ ತಿಳಿದ ವೈದ್ಯರೊಡನೆ ಕುಳಿತು ಮಾತನಾಡುವುದು ಒಳ್ಳೆಯದು.

ಮೂರನೆಯ ಪಾಠದಲ್ಲಿ ನಾವು ಸೋತೆವು. ಅದನ್ನೂ ಮರೆಮಾಚದೆ ಹೇಳಬೇಕು.

ಆದವಾನಿ ಹತ್ತಿಯ ಊರು. ಹತ್ತಿಯ ವ್ಯಾಪಾರದಿಂದಲೇ ಹಿರಿಯರು ಇದನ್ನು ಎರಡನೆಯ ಬೊಂಬಾಯಿ ಎನ್ನುತ್ತಿದ್ದರು. ಮಾರ್ಕೆಟ್ ಯಾರ್ಡಿನ ಮುಂದೆ ಹತ್ತಿ ತುಂಬಿದ ಗಾಡಿಗಳ ಸಾಲು, ಜಿನ್ನಿಂಗ್ ಮಿಲ್ಲುಗಳ ಸದ್ದು, ಗಾಳಿಯಲ್ಲಿ ತೇಲುವ ಅರಳೆ, ಇವುಗಳ ನಡುವೆ ನಾವು ಬೆಳೆದವರು. 2002ರ ಮಾರ್ಚ್‌ನಲ್ಲಿ ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಕೆಲವು ಹುಳುಗಳ ಕರುಳನ್ನು ಕೆಡಿಸುವ ಪ್ರೋಟೀನನ್ನು ತಯಾರಿಸುತ್ತದೆ. 1901ರಲ್ಲಿ ಜಪಾನಿನ ಇಷಿವಾಟಾ ಇದನ್ನು ಮೊದಲು ಗುರುತಿಸಿದ್ದು ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ. ಆ ಪ್ರೋಟೀನಿನ ಜೀನನ್ನು ಹತ್ತಿಗೆ ಸೇರಿಸಿದ್ದರಿಂದ ಗಿಡವೇ ಕಾಯಿಕೊರಕವನ್ನು ಕೊಲ್ಲುವಂತಾಯಿತು. 2006ರಲ್ಲಿ ಎರಡು ಜೀನುಗಳ ತಳಿ ಬಂತು. ಕೆಲವು ವರ್ಷ ಔಷಧಿ ಹೊಡೆಯುವ ಖರ್ಚು ಇಳಿಯಿತು, ಇಳುವರಿ ಏರಿತು. ಜೋಳ, ನವಣೆ ಇದ್ದ ಹೊಲಗಳೂ ಹತ್ತಿಯಾದವು.

2010ರ ಹೊತ್ತಿಗೆ ಗುಜರಾತಿನಲ್ಲಿ ಒಂದು ಜೀನಿನ ತಳಿಗೆ ಬಗ್ಗದ ಗುಲಾಬಿ ಕಾಯಿಕೊರಕ ಕಂಡುಬಂದ ಸುದ್ದಿ ಬಂತು. ಆ ದಶಕದ ನಡುವಿನ ಹೊತ್ತಿಗೆ ಎರಡು ಜೀನಿನ ತಳಿಯ ಕಾಯಿಯೊಳಗೂ ಅದೇ ಹುಳು ಹಾಯಾಗಿ ಬೆಳೆಯತೊಡಗಿತು. ಆ ಹಂಗಾಮಿನಲ್ಲೊಂದು ಸಂಜೆ ನಮ್ಮಲ್ಲೊಬ್ಬನ ತಂದೆ ಹೊಲದಿಂದ ಒಂದು ಹಿಡಿ ಕಾಯಿ ತಂದು ನಮ್ಮ ಮುಂದೆ ಸುರಿದರು. ಹೊರಗೆ ಒಂದು ತೂತೂ ಕಾಣುತ್ತಿರಲಿಲ್ಲ. ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣದ ಹುಳು, ಕರಗಿದ ಎಳೆ. "ಈ ಬೀಜಕ್ಕ ಹುಳ ಬರೋದಿಲ್ಲ ಅಂದಿದ್ದರು. ಯಾಕ ಬಂತು? ಮೂರೂ ಮಂದಿ ಇದನ್ನ ಓದೀರಲ್ಲ, ಹೇಳ್ರಿ" ಎಂದರು. ದಲಾಲಿ ಅಂಗಡಿಯಿಂದ ತಂದ ಸಾಲವನ್ನು ಈ ಕಾಯಿಗಳ ಮೇಲೆ ನಂಬಿಕೊಂಡಿದ್ದ ಮನುಷ್ಯ.

ನಮಗೆ ಉತ್ತರ ಗೊತ್ತಿತ್ತು. ನೈಸರ್ಗಿಕ ಆಯ್ಕೆಯ ಮೇಲೆ ಪುಟಗಟ್ಟಲೆ ಇಂಗ್ಲಿಷಿನಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದೆವು. ಆದರೆ ಆ ಸಂಜೆ ನಮ್ಮ ಬಾಯಿಂದ ಹೊರಟದ್ದು 'ರೆಸಿಸ್ಟೆನ್ಸ್', 'ರಿಸೆಸಿವ್', 'ರೆಫ್ಯೂಜ್' ಎಂಬ ಪದಗಳು. ಅವರು ಕೇಳುವಷ್ಟು ಕೇಳಿ, ಕಾಯಿಗಳನ್ನು ಮತ್ತೆ ಟವೆಲಿಗೆ ಕಟ್ಟಿಕೊಂಡು ಎದ್ದು ಹೋದರು. ಕನ್ನಡ ಮಾಧ್ಯಮದಲ್ಲಿ ಓದಿದ ನಾವು ಕನ್ನಡ ಬಲ್ಲ ರೈತನಿಗೆ, ಅದೂ ಹೆತ್ತ ತಂದೆಗೆ, ನಮ್ಮ ವಿದ್ಯೆಯನ್ನು ಹೇಳಲಾರದೆ ಹೋದೆವು.

ಆ ರಾತ್ರಿಯ ನಾಚಿಕೆ ನಮ್ಮನ್ನು ಮತ್ತೆ ಓದಲು ಹಚ್ಚಿತು. ಡಾ. ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೃತಿಯನ್ನು ಮೂವರೂ ಓದಿದೆವು. ಸ್ವಾಮಿಯವರು ಕನ್ನಡನಾಡಿನ ಹೊರಗೆ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ಸಸ್ಯಶಾಸ್ತ್ರ ಕಲಿಸಿದವರು. ಜಗತ್ತಿನ ವಿದ್ವಾಂಸರು ಗೌರವಿಸಿದ ಸಂಶೋಧಕರು. ಅವರು ಕಾಡು ಸುತ್ತಿ ಕಂಡ ಗಿಡಮರಗಳನ್ನು ನಗುತ್ತ ನಗಿಸುತ್ತ ಕನ್ನಡದಲ್ಲಿ ಬರೆದರು, ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅವರಿಗೂ ಮುನ್ನ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಒಬ್ಬರೇ ಬರೆದು ಕೊಟ್ಟಿದ್ದರು. ಗಡಿಯಾಚೆ ಇದ್ದು ಕನ್ನಡದಲ್ಲಿ ವಿಜ್ಞಾನ ಹೇಳುವುದು ಅಸಾಧ್ಯವೆಂದು ನಾವು ಹೇಳುವಂತಿರಲಿಲ್ಲ.

ಮುಂದಿನ ವಾರ ಮತ್ತೆ ಅದೇ ಕಟ್ಟೆಯ ಮೇಲೆ ಕುಳಿತೆವು. ಈ ಸಲ ಕುರಿಯ ಮಂದೆಯ ಮಾತಿನಿಂದ ತೊಡಗಿದೆವು. ಬರ ಬಂದಾಗ ಮಂದೆಯಲ್ಲಿ ಎಲ್ಲ ಕುರಿಗಳೂ ಸಾಯುವುದಿಲ್ಲ. ಗಟ್ಟಿ ಇದ್ದವು ನಾಲ್ಕು ಉಳಿಯುತ್ತವೆ, ಮುಂದಿನ ಮಂದೆ ಆ ನಾಲ್ಕರ ಮರಿಗಳದ್ದು. ಹುಳುವಿನಲ್ಲಿಯೂ ಹಾಗೆಯೇ. ಲಕ್ಷದಲ್ಲೊಂದು ಹುಳುವಿಗೆ ಬಿಟಿ ವಿಷವನ್ನು ತಾಳುವ ಗುಣ ಹುಟ್ಟಿನಿಂದಲೇ ಇದ್ದಿರಬಹುದು. ಅದೂ ಅಜ್ಜಿಯ ಕರಿಕಾಳಿನಂತೆ, ಎರಡೂ ಕಡೆಯಿಂದ ಬಂದರೆ ಮಾತ್ರ ಕೆಲಸ ಮಾಡುವ ಗುಣ. ಬಿಟಿ ಹೊಲದಲ್ಲಿ ಉಳಿದವು ಅವು ಮಾತ್ರ. ಸುತ್ತ ಬೇರೆ ಚಿಟ್ಟೆಗಳೇ ಇಲ್ಲದಿದ್ದರೆ ಅವು ತಮ್ಮತಮ್ಮಲ್ಲೇ ಕೂಡುತ್ತವೆ, ಮರಿಗಳೆಲ್ಲ ಗಟ್ಟಿಯಾಗುತ್ತವೆ. ಹೊಲದ ಅಂಚಿನಲ್ಲಿ ಬಿಟಿ ಅಲ್ಲದ ಹತ್ತಿ ಇದ್ದರೆ ಅಲ್ಲಿ ಸಾಧಾರಣ ಚಿಟ್ಟೆಗಳು ಸಾವಿರಾರು ಹುಟ್ಟುತ್ತವೆ. ಗಟ್ಟಿ ಚಿಟ್ಟೆಗೆ ಸಿಗುವ ಜೋಡಿ ಬಹುಪಾಲು ಅವುಗಳಲ್ಲೊಂದು. ಅವುಗಳ ಮರಿಗೆ ಒಂದೇ ಕರಿಕಾಳು. ಅದು ಬಿಟಿ ಕಾಯಿ ತಿಂದರೆ ಸಾಯುತ್ತದೆ.

"ಹಂಗಾದರ ಪಾಕೀಟಿನಾಗ ಬರ್ತಿದ್ದ ಸಣ್ಣ ಪೊಟ್ಟಣ..." ಎಂದು ಅವರು ಅರ್ಧಕ್ಕೆ ನಿಲ್ಲಿಸಿದರು. ಹೌದು, ಅದಕ್ಕಾಗಿಯೇ ಅದು. 450 ಗ್ರಾಂ ಬಿಟಿ ಬೀಜದೊಡನೆ 120 ಗ್ರಾಂ ಸಾಧಾರಣ ಬೀಜದ ಪೊಟ್ಟಣವನ್ನು ಕೊಡುತ್ತಿದ್ದರು. ಸುತ್ತ ಐದು ಸಾಲು ಬಿತ್ತಬೇಕೆಂಬ ನಿಯಮವಿತ್ತು. ಯಾಕೆಂದು ರೈತನಿಗೆ ಅವನ ಮಾತಿನಲ್ಲಿ ಯಾರೂ ಕುಳಿತು ಹೇಳಲಿಲ್ಲ. ಕಳಪೆ ಬೀಜವೆಂದು ಎಲ್ಲರೂ ಬದುವಿಗೆ ಚೆಲ್ಲಿದರು. ಅವರೂ ಚೆಲ್ಲಿದ್ದರು. ಈಚೆಗೆ ಸಾಧಾರಣ ಬೀಜವನ್ನು ಅದೇ ಪೊಟ್ಟಣದಲ್ಲಿ ಬೆರೆಸಿ ಕೊಡುವ ಕ್ರಮ ಬಂದಿದೆ. ಇದೇ ಗುಲಾಬಿ ಹುಳುವನ್ನು ಹತ್ತಿ ಬೆಳೆಯುವ ತನ್ನ ಪ್ರದೇಶಗಳಿಂದ ನಿರ್ಮೂಲ ಮಾಡಿರುವುದಾಗಿ ಅಮೆರಿಕ 2018ರಲ್ಲಿ ಘೋಷಿಸಿತು. ಅಲ್ಲಿ ಬಿಟಿ ಹತ್ತಿಯೊಡನೆ ಸಂತಾನಶಕ್ತಿ ಕಳೆದ ಚಿಟ್ಟೆಗಳನ್ನು ಕೋಟಿಗಟ್ಟಲೆ ಬಿಟ್ಟು, ಹಲವು ಉಪಾಯಗಳನ್ನು ಒಟ್ಟಾಗಿ ನಡೆಸಿದರು. ಒಂದೇ ಹುಳು, ಒಂದೇ ಬಗೆಯ ಜೀನು, ಫಲ ಮಾತ್ರ ಬೇರೆ.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಈ ಹುಳು ಹಂಗಾಮಿನ ಕೊನೆಯಲ್ಲಿ ಬೀಜದೊಳಗೆ, ಉಳಿದ ಕಾಯಿಗಳಲ್ಲಿ ನಿದ್ರೆ ಹೋಗುತ್ತದೆ. ಜನವರಿಯಾಚೆಗೂ ಗಿಡ ನಿಲ್ಲಿಸಿಕೊಂಡರೆ ಅದಕ್ಕೆ ಊಟ, ಹತ್ತಿಕಟ್ಟಿಗೆಯನ್ನು ಉರುವಲಿಗೆಂದು ಮನೆಯ ಹಿಂದೆ ಒಟ್ಟಿದರೆ ಅದಕ್ಕೆ ಮನೆ. ಆದ್ದರಿಂದ ಡಿಸೆಂಬರಿನಲ್ಲಿ ಬೆಳೆ ಮುಗಿಸಬೇಕು, ಕೊನೆಯ ಹತ್ತಿ ಬಿಡಿಸಿದ ಮೇಲೆ ಕುರಿ ಮೇಕೆಗಳನ್ನು ಬಿಟ್ಟು ಉಳಿದ ಕಾಯಿ ಮೇಯಿಸಬೇಕು, ಕಟ್ಟಿಗೆಯನ್ನು ಹೊಲದಲ್ಲಿಯೇ ಪುಡಿಮಾಡಿ ಮಣ್ಣಿಗೆ ಸೇರಿಸಬೇಕು. ಹೂವಿನ ದಳಗಳು ಬಿಚ್ಚದೆ ಮುರುಟಿಕೊಂಡಿದ್ದರೆ, ತೆಲುಗಿನಲ್ಲಿ 'ಗುಡ್ಡಿಪೂಲು' ಎನ್ನುವ ಅವನ್ನು ಕಿತ್ತು ನಾಶಮಾಡಬೇಕು. ಹೆಣ್ಣು ಚಿಟ್ಟೆಯ ವಾಸನೆಯನ್ನು ಹೋಲುವ ಮೋಹಕ ಬಲೆಗಳನ್ನು ಹೊಲದಲ್ಲಿ ಕಟ್ಟಿದರೆ ಹುಳು ಬಂದ ಹೊತ್ತು ತಿಳಿಯುತ್ತದೆ. ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿಯೂ ಬಲೆ ಬೇಕು. ಅಲ್ಲಿ ರಾಶಿಬಿದ್ದ ಬೀಜದಿಂದ ಹೊರಟ ಚಿಟ್ಟೆ ಊರ ಸುತ್ತಲಿನ ಹೊಲಕ್ಕೆ ಹಾರುತ್ತದೆ. ಪೇಟೆಯವರಿಗೂ ಹಳ್ಳಿಯವರಿಗೂ ಇದರಲ್ಲಿ ಪಾಲುಂಟು.

ಆ ವರ್ಷದ ಬೆಳೆಯನ್ನು ನಮ್ಮ ಮಾತು ಉಳಿಸಲಿಲ್ಲ. ಸಾಲ ತೀರಿಸಲು ಆ ತಂದೆ ಒಂದು ಜೊತೆ ಎತ್ತನ್ನು ಮಾರಿದರು. ಆದರೆ ಮರುವರ್ಷ ಅವರು ಡಿಸೆಂಬರ್ ಮುಗಿಯುವುದರೊಳಗೆ ಹತ್ತಿ ಕಿತ್ತು ಕಡಲೆ ಹಾಕಿದರು. ಪಕ್ಕದ ಹೊಲದ ಇಬ್ಬರು ಅವರನ್ನು ನೋಡಿ ಹಾಗೆಯೇ ಮಾಡಿದರು. ಉಳಿದವರು ಮಾಡಲಿಲ್ಲ. ಊರೆಲ್ಲ ಒಟ್ಟಾಗಿ ಮಾಡದೆ ಚಿಟ್ಟೆ ಬಗ್ಗುವುದಿಲ್ಲ ಎಂಬುದನ್ನು ಇಂದಿಗೂ ಹೇಳುತ್ತಿದ್ದೇವೆ.

ಈಗ ನೆಂಟರ ಪ್ರಶ್ನೆಗೆ ಬರೋಣ. ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದವರಿಗೆ ಕೆಲಸ ಸುಲಭವಾಗಿ ಸಿಗುತ್ತದೆ ಎಂದು ಮಕ್ಕಳಿಗೆ ಸುಳ್ಳು ಹೇಳಲಾರೆವು. ನಮ್ಮ ತರಗತಿಯವರಲ್ಲಿ ಕೆಲವರು ಅಂಗಡಿ ನಡೆಸುತ್ತಿದ್ದಾರೆ, ಕೆಲವರು ಬೆಂಗಳೂರಿನಲ್ಲಿ ಬೇರೆಯೇ ಕೆಲಸ ಹಿಡಿದಿದ್ದಾರೆ. ಅಧ್ಯಾಪನ, ಔಷಧ ಕಂಪನಿಗಳು, ಬೀಜ ಮತ್ತು ನೀರಿನ ಪರೀಕ್ಷಾಲಯಗಳು, ಸಂಶೋಧನೆ, ಇವು ಇರುವ ದಾರಿಗಳು, ಎಲ್ಲವೂ ಇಕ್ಕಟ್ಟಿನವು. ಆದರೆ ವೈದ್ಯರು ರೋಗ ಬಂದ ಮೇಲೆ ಒಬ್ಬರನ್ನು ನೋಡುತ್ತಾರೆ. ರೋಗ, ಹುಳು, ಬೀಜ, ನೀರು, ಸಂತಾನ ಇವೆಲ್ಲ ಹೇಗೆ ನಡೆಯುತ್ತವೆಂದು ಬಲ್ಲವರು ಪ್ರತಿಯೊಂದು ಊರಿನಲ್ಲಿಯೂ ಒಬ್ಬಿಬ್ಬರು ಬೇಕು. ಹೊಸ ಬೀಜ, ಹೊಸ ಔಷಧಿ, ಹೊಸ ಲಸಿಕೆ ಊರಿಗೆ ಬಂದಾಗ 'ಇದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿಯವರೆಗೆ ಮಾಡುತ್ತದೆ' ಎಂದು ಕೇಳಬಲ್ಲವರು ಬೇಕು. ಆ ಉತ್ತರವನ್ನು ಅಜ್ಜಿಗೆ ತಿಳಿಯುವ ಕನ್ನಡದಲ್ಲಿ ಹೇಳಬಲ್ಲವರು ಇನ್ನೂ ಹೆಚ್ಚಾಗಿ ಬೇಕು.

ಈ ಕೊನೆಯ ಕೆಲಸದಲ್ಲಿ ಕನ್ನಡ ಸಂಘಕ್ಕೆ ಪಾತ್ರವಿದೆ ಎಂದು ನಾವು ನಂಬಿದ್ದೇವೆ. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ಪ್ರತಿವರ್ಷವೂ ವೇದಿಕೆಯ ಮೇಲೆ ಹೇಳುತ್ತೇವೆ. ಹಾಡಿನಲ್ಲಿ, ಕವಿತೆಯಲ್ಲಿ, ದಾಸರ ಪದಗಳಲ್ಲಿ ಅದು ಉಳಿದಿದೆ, ಸಂತೋಷ. ಹೊಲದ ಹುಳುವಿನ ಮಾತಿಗೂ ಮನೆಯ ಮದುವೆಯ ಮಾತಿಗೂ ಅದು ಒದಗಿದರೆ ಇನ್ನೂ ಗಟ್ಟಿಯಾಗಿ ಉಳಿದೀತು. ವರ್ಷಕ್ಕೊಮ್ಮೆ, ಹತ್ತಿ ಬಿತ್ತುವ ಮುನ್ನ, ಸಂಘದ ಅಂಗಳದಲ್ಲಿ ರೈತರನ್ನೂ ಮಿಲ್ಲಿನವರನ್ನೂ ವಿಜ್ಞಾನ ಓದುವ ಮಕ್ಕಳನ್ನೂ ಕೂಡಿಸಿ ಒಂದು ಸಂಜೆ ಮಾತುಕತೆ ನಡೆಸುವಂತೆ ಹಿರಿಯರಲ್ಲಿ ವಿನಂತಿಸುತ್ತೇವೆ. ಬರಲು ನಾವು ಮೂವರೂ ಸಿದ್ಧ.

ನಮ್ಮ ಗೆಳತಿ ಈಗ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಪ್ರತಿವರ್ಷ ಮೊದಲ ಪ್ರಾಯೋಗಿಕ ತರಗತಿಗೆ ಹತ್ತಿಯ ಮೊಗ್ಗುಗಳನ್ನು ತರಿಸಿ, "ಇದನ್ನ ಮೊದಲೇ ಮಾಡಿದವರು ಯಾರಾದರೂ ಇದ್ದೀರೇನು?" ಎಂದು ಕೇಳುತ್ತಾಳೆ. ಮೊದಲ ವರ್ಷಗಳಲ್ಲಿ ಒಂದೆರಡು ಕೈಗಳು ಹಿಂಜರಿಯುತ್ತ ಮೇಲೇಳುತ್ತಿದ್ದವು. ಆ ಹುಡುಗಿಯರನ್ನು ಮುಂದಿನ ಬೆಂಚಿಗೆ ಕರೆದು, ಉಳಿದವರಿಗೆ ತೋರಿಸಿಕೊಡಲು ಹೇಳುತ್ತಿದ್ದಳು. ಈಚೆಗೆ ಕೈಗಳು ಏಳುವುದು ಅಪರೂಪ. ಹಾಗೆ ಯಾರೂ ಕೈ ಎತ್ತದ ದಿನ ಅವಳಿಗೆ ಸಂತೋಷ. ತಾನೇ ಉಗುರೂರಿ ಮೊಗ್ಗು ಬಿಡಿಸಿ ಪಾಠ ಪ್ರಾರಂಭಿಸುತ್ತಾಳೆ.